ರಾಗಿ ಮಾಲ್ಟ್ ಎಲ್ಲಿ ಕೆಡುತ್ತೆ? ಸವಳಂಗದ ನಮ್ಮ ಅಡುಗೆಮನೆಯ ಲೆಕ್ಕ

ಸವಳಂಗದಿಂದ ಮಾತಾಡ್ತಿದೀನಿ. ಮಧ್ಯೆ ಶಿಕಾರಿಪುರದ ಬಸ್ಸಿನ ಹಾರ್ನ್ ಕೇಳಿಸಿದ್ರೆ ಕ್ಷಮಿಸಿ. ನಮ್ಮ ಮನೆ ರಸ್ತೆ ಪಕ್ಕದಲ್ಲೇ ಇದೆ, ನನ್ನ ಸ್ಟುಡಿಯೋನೂ ಈ ಮನೆಯ ಒಂದು ರೂಮೇ.

ಹೋದ ಸಂಚಿಕೆ ಕೇಳಿ ಒಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ರು: "ಬ್ರೋ, ಧಾನ್ಯದಿಂದ ಮನೇಲೇ ಬಿಯರ್ ಮಾಡೋದು ಹೇಗೆ, ಒಂದು ಎಪಿಸೋಡ್ ಮಾಡಿ." ಬ್ರೋ, 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸೋದು ಅಪರಾಧ. ಆದ್ರಿಂದ ಅದು ಬೇಡ. ಆದ್ರೆ ಬಿಯರ್‌ನ ಅರ್ಧ ಕೆಲಸ ನಮ್ಮ ಅಜ್ಜಿಯಂದಿರಿಗೆ ಗೊತ್ತಿತ್ತು. ಧಾನ್ಯ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಬೇರು ಉದುರಿಸಿ, ಬೀಸೋದು. ಬಾರ್ಲಿಗೆ ಇದನ್ನೇ ಮಾಡಿದ್ರೆ ಬ್ರೂವರಿಯವರು ಮಾಲ್ಟ್ ಅಂತಾರೆ, ರಾಗಿಗೆ ಮಾಡಿದ್ರೆ ನಾವೂ ಮಾಲ್ಟ್ ಅಂತೀವಿ. ಉಗಾಂಡದ ಕಡೆ ಇದೇ ರಾಗಿಯಿಂದ ಬಿಯರ್ ಮಾಡ್ತಾರೆ. ನಾವು ಗಂಜಿ ಹಂತಕ್ಕೇ ನಿಲ್ಲಿಸಿ ಮಗುವಿಗೆ ಕುಡಿಸ್ತೀವಿ.

ಮಾಲ್ಟ್ ಮಾಡೋಕೆ ಸಿರಿಧಾನ್ಯಗಳಲ್ಲಿ ರಾಗಿ ತುಂಬಾ ಒಳ್ಳೇದು. ಮೈಸೂರಿನ ಸಿಎಫ್‌ಟಿಆರ್‌ಐನವರು ಮೊಳಕೆ ರಾಗಿಯಿಂದ ಮಕ್ಕಳ ಆಹಾರ ತಯಾರಿಸೋ ಬಗ್ಗೆ ಬಹಳ ಹಿಂದೆಯೇ ಸಂಶೋಧನೆ ಮಾಡಿದಾರೆ. 2024ರ ಫೆಬ್ರವರಿಯಿಂದ ನಮ್ಮ ಸರ್ಕಾರಿ ಶಾಲೆಗಳಲ್ಲೂ ಹಾಲಿನ ಜೊತೆ ವಾರಕ್ಕೆ ಮೂರು ದಿನ ರಾಗಿ ಮಾಲ್ಟ್ ಕೊಡೋಕೆ ಶುರು ಮಾಡಿದ್ರು. ಅಂದ್ರೆ ಇವತ್ತಿನ ವಿಷಯ ಎಲ್ರ ಮನೇದು.

ಮೊದಲು ನನ್ನ ತಪ್ಪು ಹೇಳ್ತೀನಿ.

ಬಿ.ಕಾಂ ಮುಗಿಸಿ ಊರಿಗೆ ವಾಪಸ್ ಬಂದಾಗ ಅಮ್ಮನ ಜೊತೆ ಸೇರಿ ರಾಗಿ ಮಾಲ್ಟ್ ಮಾರೋಕೆ ಶುರು ಮಾಡಿದ್ದೆ. ನಮ್ಮ ಕಡೆ ಹೊಲ ಅಂದ್ರೆ ಮೆಕ್ಕೆಜೋಳ, ತೋಟ ಅಂದ್ರೆ ಅಡಿಕೆ. ರಾಗಿ ಕೊಂಡು ತರ್ತಿದ್ವಿ. ಒಂದು ಸಲಕ್ಕೆ 10 ಕೆಜಿ. ನಾನು ಕಾಮರ್ಸ್ ಹುಡುಗ, ಪ್ರತಿಯೊಂದನ್ನೂ ನೋಟ್‌ಬುಕ್ಕಲ್ಲಿ ಬರೀತಿದ್ದೆ. ಬೇಸಿಗೆಯಲ್ಲಿ 10 ಕೆಜಿ ರಾಗಿ ಒಣಗಿ, ಬೇರು ಉದುರಿದ ಮೇಲೆ 9 ಕೆಜಿ 100 ಗ್ರಾಂ ಬರ್ತಿತ್ತು. ಪುನರ್ವಸು ಮಳೆ ಹಿಡಿದಾಗ ಒಂದು ಸಲ 9 ಕೆಜಿ 800 ಗ್ರಾಂ ಬಂತು. 700 ಗ್ರಾಂ ಲಾಭ ಅಂತ ಖುಷಿಯಾಗಿ ಬರ್ಕೊಂಡೆ. ಗಿರಣಿಗೆ ಹೋಗಿ ಬೀಸಿಸಿ, ಬಿಸಿ ಹಿಟ್ಟನ್ನೇ ಪ್ಯಾಕ್ ಮಾಡಿ, ಹನ್ನೊಂದು ಪಾಕೆಟ್ ಮಾರಿದೆ.

ಎರಡು ವಾರಕ್ಕೆ ನ್ಯಾಮತಿಯಿಂದ ಅಕ್ಕ ಫೋನ್ ಮಾಡಿದ್ಲು. ಅವಳ ಮಗುವಿಗೆ ಆಗ ಎಂಟು ತಿಂಗಳು. "ಪಾಕೆಟ್ ಒಡೆದ್ರೆ ಮುಗ್ಗು ವಾಸನೆ ಬರ್ತಿದೆ ಕಣೋ" ಅಂದ್ಲು. ಮನೇಲಿ ಉಳಿದಿದ್ದ ಪಾಕೆಟ್ ಒಡೆದೆ. ಹಿಟ್ಟು ಗಂಟು ಕಟ್ಟಿತ್ತು. "ಇನ್ನೊಂದ್ಸಲ ಹುರಿದ್ರೆ ವಾಸನೆ ಹೋಗುತ್ತೆ ಬಿಡಮ್ಮ" ಅಂದೆ. ಅಮ್ಮ ನನ್ನ ಮುಖ ನೋಡಿ, "ಹುರಿದು ಅಕ್ಕನ ಮಗೂಗೆ ಕೊಡ್ತೀಯಾ?" ಅಂತ ಕೇಳಿದ್ರು. ಅಷ್ಟೇ ಕೇಳಿದ್ದು.

ಬೂಷ್ಟು ಬಿಡೋ ವಿಷದ ಅಂಶ ಹುರಿದ್ರೂ ಕುದಿಸಿದ್ರೂ ಪೂರ್ತಿ ಹೋಗಲ್ಲ. ವಾಸನೆ ಹೋಗಬಹುದು, ವಿಷ ಉಳಿಯಬಹುದು. ಹಸುವಿಗೆ ಹಾಕಿದ್ರೆ ಹಾಲಿಗೂ ಬರಬಹುದು. ಗುಂಡಿ ತೆಗೆದು ಮುಚ್ಚಿದ್ವಿ. ಆಮೇಲೆ ಬೈಕಲ್ಲಿ ಮನೆ ಮನೆಗೆ ಹೋಗಿ ಪಾಕೆಟ್ ವಾಪಸ್ ತಂದೆ, ದುಡ್ಡು ಕೊಟ್ಟೆ. ಎರಡು ಮನೇಲಿ ಪಾಕೆಟ್ ಖಾಲಿ ಆಗಿತ್ತು. ಅವರ ಮುಂದೆ ನಿಂತು ವಿಷಯ ಹೇಳಿದ್ದು ನನ್ನ ಜೀವನದ ಕಷ್ಟದ ಐದು ನಿಮಿಷ. ಯಾವ ಮಗುವಿಗೂ ಏನೂ ಆಗಲಿಲ್ಲ. ಒಂದು ಮನೆಯವರು ಮಾತ್ರ ಇವತ್ತಿಗೂ ನನ್ನ ಹತ್ರ ತಗೊಳ್ಳಲ್ಲ. ಅವರದ್ದು ತಪ್ಪಲ್ಲ.

ಈಗ ಒಂದೊಂದೇ ಹಂತ ನೋಡೋಣ.

ಮೊಳಕೆನೇ ಬರ್ತಿಲ್ಲ. ರಾಗಿ ಹಳೇದಾಗಿರಬಹುದು. 10 ಕೆಜಿ ನೆನೆಸೋ ಮೊದಲು 100 ಕಾಳು ಎಣಿಸಿ, ಒದ್ದೆ ಬಟ್ಟೆಯಲ್ಲಿ ಎರಡು ದಿನ ಇಡಿ. 90ಕ್ಕಿಂತ ಹೆಚ್ಚು ಮೊಳೆತ್ರೆ ಮುಂದುವರೀರಿ. ಕಮ್ಮಿ ಬಂದ್ರೆ ಆ ರಾಗಿ ಮುದ್ದೆಗೆ ಇರಲಿ. ಮೊಳೆಯದ ಸತ್ತ ಕಾಳಿಗೇ ಬೂಷ್ಟು ಮೊದಲು ಹತ್ತೋದು.

ಹುಳಿ ವಾಸನೆ ಬರ್ತಿದೆ. ನೀರು ಜಾಸ್ತಿ, ಗಾಳಿ ಕಮ್ಮಿ. ರಾತ್ರಿ ನೆನೆಸಿ, ತೇಲಿದ ಜೊಳ್ಳು ತೆಗೆದು, ಬೆಳಿಗ್ಗೆ ಚೆನ್ನಾಗಿ ತೊಳೆದು, ನೀರು ಪೂರ್ತಿ ಬಸಿದು ಹೋಗೋಕೆ ಬಿಡಿ. ಗಂಟು ಬಿಗಿಯಾಗಿ ಕಟ್ಟಬೇಡಿ. ಮೊಳೆಯೋ ಕಾಳು ಉಸಿರಾಡುತ್ತೆ, ಉಸಿರಾಡಿದ್ರೆ ಬಿಸಿಯಾಗುತ್ತೆ. ಗಂಟಿನ ಒಳಗೆ ಕೈ ಹಾಕಿ ನೋಡಿ. ಬೆಚ್ಚಗಿದ್ರೆ ಬಿಚ್ಚಿ, ತಿರುವಿ, ತೆಳ್ಳಗೆ ಹರಡಿ. ದಿನಕ್ಕೆ ಮೂರು ಸಲ ಹೀಗೆ ಮಾಡಿ. ಒಂದೂವರೆಯಿಂದ ಎರಡು ದಿನ ಸಾಕು.

ಬೆಳ್ಳಗೆ ನೂಲಿನ ಥರ ಬಂದಿದೆ, ಬೂಷ್ಟಾ? ಗಾಬರಿ ಬೇಡ. ಬೇರಿಗೆ ಸಣ್ಣ ರೋಮ ಇರುತ್ತೆ. ಅದು ಬೇರಿನ ಸುತ್ತ ಮಾತ್ರ, ಎಲ್ಲಾ ಕಾಳಲ್ಲೂ ಒಂದೇ ಥರ ಇರುತ್ತೆ, ನೀರು ಚಿಮುಕಿಸಿದ್ರೆ ಅಂಟಿಕೊಂಡು ಕಾಣದಂಗಾಗುತ್ತೆ. ಬೂಷ್ಟು ಜೇಡರ ಬಲೆ ಥರ ಕಾಳಿಂದ ಕಾಳಿಗೆ ಹಬ್ಬುತ್ತೆ, ಹಸಿರು ಕಪ್ಪು ಬಣ್ಣಕ್ಕೆ ತಿರುಗುತ್ತೆ, ಮುಗ್ಗು ವಾಸನೆ ಬರುತ್ತೆ. ಅನುಮಾನ ಬಂದ್ರೆ ಎಲ್ಲಾ ಎಸೀರಿ. ಆರಿಸಿ ಉಳಿಸೋಕೆ ಹೋಗಬೇಡಿ.

ಒಣಗಿದೆಯೋ ಇಲ್ವೋ ಗೊತ್ತಾಗ್ತಿಲ್ಲ. ನಾನು ಬಿದ್ದಿದ್ದು ಇಲ್ಲೇ. ಮೊಳೆಯುವಾಗ ಕಾಳು ತನ್ನೊಳಗಿನ ಪಿಷ್ಟವನ್ನ ಸ್ವಲ್ಪ ಸುಟ್ಟುಕೊಳ್ಳುತ್ತೆ. ಮೇಲೆ ಬೇರೂ ಉದುರುತ್ತೆ. ಹಂಗಾಗಿ ತೂಕ ಇಳಿಯಲೇಬೇಕು. 10 ಕೆಜಿಗೆ ಸುಮಾರು 9 ಕೆಜಿ ಬರೋ ಕಡೆ 9.8 ಬಂದ್ರೆ, ಆ 700 ಗ್ರಾಂ ನೀರು. ತಕ್ಕಡಿ ನನಗೆ ಸರಿಯಾಗೇ ಹೇಳಿತ್ತು, ನಾನು ಅದನ್ನ ಲಾಭದ ಕಾಲಂನಲ್ಲಿ ಬರ್ಕೊಂಡೆ. ತಕ್ಕಡಿ ಇಲ್ಲ ಅಂದ್ರೆ ಹಲ್ಲಲ್ಲಿ ಕಡಿದು ನೋಡಿ. ಕಟ್ ಅಂತ ಒಡೀಬೇಕು, ಜಪ್ಪಿದಂಗೆ ಆಗಬಾರದು. ಜಡಿಮಳೇಲಿ ನಾನೀಗ ಮಾಲ್ಟ್ ಮಾಡೋದೇ ಇಲ್ಲ. ಆರ್ಡರ್ ಬಂದ್ರೂ ಬಿಸಿಲು ಬರ್ಲಿ ಅಂತೀನಿ.

ಗಂಜಿ ಗಟ್ಟಿ ಆಗ್ತಿದೆ. ಮೊಳಕೆಯಲ್ಲಿ ಅಮೈಲೇಸ್ ಅನ್ನೋ ಕಿಣ್ವ ಹುಟ್ಟುತ್ತೆ. ಅದು ಪಿಷ್ಟವನ್ನ ಸಕ್ಕರೆಯಾಗಿ ಒಡೆಯುತ್ತೆ. ಬಿಯರ್ ಮಾಡೋರಿಗೆ ಬೇಕಾಗಿದ್ದೂ ಅದೇ, ಮಗುವಿನ ಗಂಜಿ ತೆಳ್ಳಗೆ, ಸಿಹಿಯಾಗಿ ಆಗೋದೂ ಅದರಿಂದಲೇ. ಗಂಜಿ ತೆಳ್ಳಗಾದ್ರೆ ಅದೇ ಬಟ್ಟಲಿಗೆ ಜಾಸ್ತಿ ಹಿಟ್ಟು ಹಿಡಿಸುತ್ತೆ. ಹೊಟ್ಟೆ ಚಿಕ್ಕದಿರೋ ಮಗುವಿಗೆ ಇದೇ ದೊಡ್ಡ ವಿಷಯ. ಆದ್ರೆ ಹಸಿ ಮೊಳಕೆಯನ್ನ ಬಾಣಲೆಗೆ ಹಾಕಿ ಜೋರು ಉರಿಯಲ್ಲಿ ಹುರಿದ್ರೆ ಕಿಣ್ವ ಸಾಯುತ್ತೆ. ಮೊದಲು ಪೂರ್ತಿ ಒಣಗಲಿ, ಆಮೇಲೆ ಘಮ ಬರೋಷ್ಟು ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಸಾಕು. ಹುರಿಹಿಟ್ಟು ಬೇರೆ, ಮಾಲ್ಟ್ ಬೇರೆ. ಎರಡೂ ರುಚಿನೇ, ಆದ್ರೆ ಹುರಿಹಿಟ್ಟಲ್ಲಿ ಈ ಕಿಣ್ವ ಉಳಿದಿರಲ್ಲ.

ಗಂಜಿ ಕಾಯಿಸುವಾಗಲೂ ಕುದಿಯೋ ನೀರಿಗೆ ಹಿಟ್ಟು ಸುರೀಬೇಡಿ. ತಣ್ಣೀರಲ್ಲಿ ಕಲಸಿ, ಸಣ್ಣ ಉರಿಯಲ್ಲಿಟ್ಟು, ಕೈ ಆಡಿಸ್ತಾ ಇರಿ. 60–70 ಡಿಗ್ರಿ ದಾಟುವಾಗ, ಅಂದ್ರೆ ಬೆರಳಿಡೋಕೆ ಆಗದಷ್ಟು ಬಿಸಿಯಾಗಿ ಇನ್ನೂ ಕುದಿ ಬರದೇ ಇರೋ ಹೊತ್ತಲ್ಲಿ, ಕಿಣ್ವ ಕೆಲಸ ಮಾಡುತ್ತೆ. ಅಲ್ಲಿ ಅವಸರ ಬೇಡ. ಆಮೇಲೆ ಚೆನ್ನಾಗಿ ಕುದಿಸಿಯೇ ಮಗುವಿಗೆ ಕೊಡಿ.

ಮಾಲ್ಟ್ ಒಳ್ಳೇದಿದೆಯಾ ಅಂತ ನೋಡೋಕೆ ಒಂದು ಪರೀಕ್ಷೆ ಇದೆ. ಸಾಮಾನ್ಯ ರಾಗಿ ಹಿಟ್ಟಿನ ಗಟ್ಟಿ ಗಂಜಿ ಮಾಡಿ ಒಲೆಯಿಂದ ಇಳಿಸಿ. ಬಿಸಿ ಸ್ವಲ್ಪ ಇಳಿದ ಮೇಲೆ ಒಂದು ಚಮಚ ಮಾಲ್ಟ್ ಹಿಟ್ಟು ಕಲಸಿ, ಹತ್ತು ನಿಮಿಷ ಬಿಡಿ. ಗಂಜಿ ನೀರಾದ್ರೆ ಮಾಲ್ಟ್‌ಗೆ ಜೀವ ಇದೆ ಅಂತ. ಹಂಗೇ ನಿಂತ್ರೆ ನೀವು ಹುರಿದು ಸಾಯಿಸಿದೀರಿ.

ಗಿರಣಿ ಮತ್ತು ಡಬ್ಬಿ. ನಮ್ಮ ಹಿಂದೆ ಮೆಣಸಿನಕಾಯಿ ಬೀಸಿದ್ರಾ ಅಂತ ಕೇಳಿ. ಮೊದಲು ಒಂದು ಹಿಡಿ ಬೇರೆ ರಾಗಿ ಬೀಸಿಸಿ ಪಕ್ಕಕ್ಕಿಡಿ. ಹಿಟ್ಟು ಬಿಸಿ ಇರುತ್ತೆ, ಅಗಲವಾದ ಪೇಪರ್ ಮೇಲೆ ಹರಡಿ ಪೂರ್ತಿ ಆರಿಸಿ. ಬಿಸಿಯಲ್ಲೇ ಮುಚ್ಚಿದ್ರೆ ಒಳಗೆ ಬೆವರುತ್ತೆ. ಮಾರೋದಾದ್ರೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ, ಪಾಕೆಟ್ ಮೇಲೆ ತಯಾರಿಸಿದ ದಿನ ಬರೀರಿ. ಯಾವ ಪಾಕೆಟ್ ಯಾರ ಮನೆಗೆ ಹೋಯ್ತು ಅಂತಲೂ ಬರ್ಕೊಂಡಿರಿ. ನನ್ನ ನೋಟ್‌ಬುಕ್ಕಲ್ಲಿ ಆ ಹನ್ನೊಂದು ಹೆಸರು ಇದ್ದಿದ್ದಕ್ಕೆ ನಾನು ಹನ್ನೊಂದು ಬಾಗಿಲು ತಟ್ಟೋಕೆ ಆಗಿದ್ದು.

ನಿಮ್ಮ ಮನೇಲಿ ಮಾಲ್ಟ್ ಎಲ್ಲಿ ಕೆಡ್ತಿದೆ ಅಂತ ವಾಯ್ಸ್ ಮೆಸೇಜ್ ಕಳಿಸಿ. ತೂಕ ಎಷ್ಟು ಬಂತು ಅಂತಾನೂ ಹೇಳಿ. ಮುಂದಿನ ವಾರ ಸಿಗೋಣ.