ಬೆಟ್ಟದ ಒರತೆಯ ಬಳಿ ಕಲಿತ ಪಾಠ

(ದೇವಾಲಯದ ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನೂರು ವರ್ಷಗಳ ಹಿಂದೆ ನಮ್ಮ ಹಿರಿಯರು ಕಟ್ಟಿದ ಈ ದೇವಾಲಯದ ಬಾಗಿಲಲ್ಲಿ ಮೊದಲು ನಮ್ಮ ಬೆರಳಿಗೆ ತಾಗುವುದು ತೀರ್ಥದ ತೊಟ್ಟಿಯ ನೀರು. ಜ್ಞಾನಸ್ನಾನದ ದಿನ ನಮ್ಮ ತಲೆಯ ಮೇಲೆ ಬಿದ್ದದ್ದು ನೀರು. ಬಲಿಪೂಜೆಯಲ್ಲಿ ದ್ರಾಕ್ಷಾರಸದೊಡನೆ ಬೆರೆಯುವುದು ಒಂದು ಹನಿ ನೀರು. ಕಡೆಯ ದಿನ ನಮ್ಮ ಶವಪೆಟ್ಟಿಗೆಯ ಮೇಲೆ ಪ್ರೋಕ್ಷಿಸುವುದೂ ನೀರೇ. ಆದುದರಿಂದ ಈ ಶುಭಸಂದರ್ಭದಲ್ಲಿ ನೀರನ್ನು ಕುರಿತು ನಾಲ್ಕು ಮಾತುಗಳನ್ನಾಡಬಯಸುತ್ತೇವೆ. ಇವು ಪಾಂಡಿತ್ಯದ ಮಾತುಗಳಲ್ಲ. ಒಂದು ಬೆಟ್ಟದ ಒರತೆಯ ಬಳಿ ನಾವು ನಾಚಿಕೊಂಡು ಕಲಿತ ಪಾಠ.

ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರದ ಹೆಸರನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಕನ್ನಡ ನಾಡಿನ ಒಳಸೀಮೆಯಲ್ಲಿ ಊರಿನ ಹೆಸರಿಗೆ ಅಂಟಿಕೊಂಡ ‘ಸಮುದ್ರ’ವೆಂದರೆ ಕಡಲಲ್ಲ, ಕೆರೆ. ನೀರು ಅಪರೂಪವಾದ ನೆಲದಲ್ಲಿ ತುಂಬಿದ ಕೆರೆಯನ್ನು ಕಂಡವರು ಅದನ್ನು ಸಮುದ್ರವೆಂದೇ ಕರೆದರು. ಚಳ್ಳಕೆರೆ, ಮೊಳಕಾಲ್ಮೂರುಗಳು ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿಗೆ ಸೇರಿದವು. ಅಲ್ಲಿ ವರ್ಷಕ್ಕೆ ಬೀಳುವುದು 500 ಮಿಲಿಮೀಟರಿನ ಆಸುಪಾಸಿನ ಮಳೆ. ಅದೂ ಹಲವು ವರ್ಷ ಕೈಕೊಡುತ್ತದೆ.

2003ರ ಬೇಸಿಗೆಯ ಮಾತು. ನಾಡಿನಲ್ಲಿ ಬರವು ವರ್ಷದ ಮೇಲೆ ವರ್ಷ ಮುಂದುವರಿದಿದ್ದ ಕಾಲವದು. ಆಗ ನಾವು ಅದೇ ಜಿಲ್ಲೆಯ ಒಂದು ಊರಿನಲ್ಲಿ ಸೇವೆಯಲ್ಲಿದ್ದೆವು. ಊರಿನ ಕೊಳವೆ ಬಾವಿಗಳು ಒಂದೊಂದಾಗಿ ಬತ್ತಿದರೂ ಗುರುನಿವಾಸದ ಬಾವಿಯಲ್ಲಿ ಮಾತ್ರ ಅಷ್ಟಿಷ್ಟು ನೀರು ಉಳಿದಿತ್ತು. ಜನರು ಕೊಡಗಳೊಡನೆ ಬರತೊಡಗಿದರು. ಮೊದಲ ವಾರ ಕೊಟ್ಟೆವು. ಎರಡನೆಯ ವಾರ, ನೀರು ತೀರಿಹೋದರೆ ದೇವಾಲಯದ ಗತಿಯೇನೆಂಬ ಭಯವುಂಟಾಗಿ ಗೇಟಿಗೆ ಬೀಗ ಹಾಕಿಸಿದೆವು. ಇದು ವಿವೇಕವೆಂದೇ ಆಗ ನಮಗೆ ತೋರಿತ್ತು.

ಆ ದಿನಗಳಲ್ಲಿಯೇ ದೇವಸಮುದ್ರದ ಕಡೆ ಕೂಲಿಗೆಂದು ನೆಲೆಸಿದ್ದ ನಮ್ಮ ಧರ್ಮಕೇಂದ್ರದ ಒಂದು ಕುಟುಂಬದ ಯೋಗಕ್ಷೇಮ ವಿಚಾರಿಸಲು ಹೋಗಿದ್ದೆವು. ಕರೆಂಟು ಇರಲಿಲ್ಲ, ನಲ್ಲಿ ಒಣಗಿತ್ತು. ಮನೆಯಾಕೆ ಕೊಡವನ್ನೆತ್ತಿಕೊಂಡು ಬೆಟ್ಟಕ್ಕೆ ಹೊರಟಾಗ ನಾವೂ ಒಂದು ಕ್ಯಾನು ಹಿಡಿದು ಹಿಂಬಾಲಿಸಿದೆವು. ಕಾದ ಬಂಡೆಗಳ ನಡುವೆ ಅರ್ಧ ಗಂಟೆ ಏರಿದ ಬಳಿಕ, ಒಂದು ಬಿರುಕಿನ ಕೆಳಗೆ ತೊಟ್ಟಿಲಿನಷ್ಟು ಅಗಲದ ದೊಣೆ ಕಂಡಿತು. ನೀರು ಹರಿಯುತ್ತಿರಲಿಲ್ಲ, ಒಸರುತ್ತಿತ್ತು. ಒಂದು ಕೊಡ ಬಗ್ಗಿಸಿಕೊಂಡರೆ ಮತ್ತೊಂದು ಕೊಡದಷ್ಟು ನೀರು ಕೂಡಲು ಬಹಳ ಹೊತ್ತು ಕಾಯಬೇಕಿತ್ತು.

ನಮಗಿಂತ ಮೊದಲೇ ಬಂದು ಕುಳಿತಿದ್ದ ಒಬ್ಬ ಮುದುಕಿ ತೆಂಗಿನ ಚಿಪ್ಪಿನಿಂದ, ತಳದ ಮಣ್ಣು ಕದಡದಂತೆ, ನೀರನ್ನು ತೆಗೆದು ತನ್ನ ಕೊಡ ತುಂಬುತ್ತಿದ್ದಳು. ಕೊಡ ಅರ್ಧವಾಗಿತ್ತು. ನಮ್ಮನ್ನು ನೋಡಿ, “ದಾರಿಯೋರು ಮೊದ್ಲು ಕುಡೀರಪ್ಪಾ, ನಂದು ಆಮ್ಯಾಕಾಗ್ಲಿ” ಎಂದು ಚಿಪ್ಪನ್ನು ನಮ್ಮ ಕೈಗಿತ್ತಳು. ನಾವು ಯಾರು, ಯಾವ ಜಾತಿ, ಯಾವ ಮತ, ಒಂದನ್ನೂ ಕೇಳಲಿಲ್ಲ. ನಾವು ಕುಡಿದೆವು. ನೀರು ತಣ್ಣಗಿತ್ತು. ಆದರೆ ಗಂಟಲಿನಲ್ಲಿ ಇಳಿಯುವಾಗ ನಮಗೆ ನೆನಪಾದದ್ದು ಗುರುನಿವಾಸದ ಗೇಟಿನ ಬೀಗ.

ಬೆಟ್ಟದ ನೀರಿನ ಗುಟ್ಟು ಸರಳವಾದುದು. ಗಟ್ಟಿಯಾದ ಕಗ್ಗಲ್ಲು ನೀರನ್ನು ಹೀರದು. ಮಳೆಯ ನೀರು ಅದರ ಬಿರುಕುಗಳಲ್ಲಿಯೂ ಸವೆದ ಕಲ್ಲುಮಣ್ಣಿನ ಪದರಗಳಲ್ಲಿಯೂ ಇಳಿದು ನಿಂತು, ತಿಂಗಳುಗಟ್ಟಲೆ ನಿಧಾನವಾಗಿ ಸಾಗಿ, ಇಳಿಜಾರಿನಲ್ಲಿ ಸಂದು ಸಿಕ್ಕಲ್ಲಿ ಹೊರಬರುತ್ತದೆ. ಮೇಲಿನ ಗಿಡಮರಗಳನ್ನು ಕಡಿದರೆ ಮಣ್ಣು ಕೊಚ್ಚಿಹೋಗಿ ಒರತೆಯೂ ಸೊರಗುತ್ತದೆ. ನಾವಾದರೋ ನೂರಾರು ಅಡಿ ಆಳಕ್ಕೆ ಕೊಳವೆಯಿಳಿಸಿ, ಬಹುಕಾಲ ಕಲ್ಲಿನೊಡನಿದ್ದ ನೀರನ್ನೆತ್ತುತ್ತೇವೆ. ಅಂತಹ ನೀರಿನಲ್ಲಿ ಕಲ್ಲಿನ ಫ್ಲೋರೈಡ್ ಕರಗಿರುವುದುಂಟು. ಲೀಟರಿಗೆ 1.5 ಮಿಲಿಗ್ರಾಮ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೀರಿದಲ್ಲಿ ಮಕ್ಕಳ ಹಲ್ಲುಗಳು ಕಲೆಗಟ್ಟುತ್ತವೆ, ಬಹುಕಾಲ ಕುಡಿದವರ ಮೂಳೆಗಳು ಬಿಗಿದು ಬಾಗುತ್ತವೆ. ಆ ಸೀಮೆಯ ಜನ ಈ ಸಂಕಟವನ್ನು ಬಲ್ಲರು. ತುಂಗಭದ್ರೆಯ ಹಿನ್ನೀರನ್ನು ಅಲ್ಲಿನ ಹಳ್ಳಿಗಳಿಗೆ ಕುಡಿಯಲು ತರುವ ಯೋಜನೆಯನ್ನು ಕೈಗೊಂಡಿರುವುದು ಸಂತೋಷದ ಸಂಗತಿ.

ನೀರನ್ನು ಹಂಚಿಕೊಳ್ಳಬೇಕೆಂಬ ಅರಿವು ಆ ನಾಡಿಗೆ ಹೊಸದಲ್ಲ. ಆ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿರುವುದನ್ನು 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದರು. ಅವು ಜೀವಿಗಳಲ್ಲಿ ದಯೆಯನ್ನೂ ಸತ್ಯವನ್ನೂ ಬೋಧಿಸುತ್ತವೆ. ಅದೇ ಅರಸನ ಬೇರೊಂದು ಶಾಸನವು, ಮನುಷ್ಯರಿಗೂ ಪಶುಗಳಿಗೂ ಉಪಯೋಗವಾಗಲೆಂದು ದಾರಿಗಳಲ್ಲಿ ಬಾವಿ ತೋಡಿಸಿದುದನ್ನು ತಿಳಿಸುತ್ತದೆ. ಜಿಲ್ಲಾ ಕೇಂದ್ರವಾದ ಚಿತ್ರದುರ್ಗದ ಕೋಟೆಯಲ್ಲಿ ತಣ್ಣೀರು ದೋಣಿಯೆಂಬ ಒರತೆ ಇಂದಿಗೂ ಪ್ರಸಿದ್ಧ. ಒನಕೆ ಓಬವ್ವನ ಕಥೆಯೂ, ಉಣ್ಣುತ್ತಿದ್ದ ಗಂಡನಿಗೆ ಕುಡಿಯುವ ನೀರು ತರಲು ಆಕೆ ಹೊರಟಲ್ಲಿಂದಲೇ ಆರಂಭವಾಗುತ್ತದೆ.

ಶುಭಸಂದೇಶಕಾರ ಯೊವಾನ್ನನು ತಿಳಿಸುವ ಸಮಾರಿಯದ ಸ್ತ್ರೀಯ ವೃತ್ತಾಂತ ನಿಮಗೆ ಪರಿಚಿತವೇ. ಯೆಹೂದ್ಯರಿಗೂ ಸಮಾರಿಯದವರಿಗೂ ಹೊಕ್ಕುಬಳಕೆ ಇಲ್ಲದ ಕಾಲದಲ್ಲಿ, ಪ್ರಭು ಯೇಸು ದಣಿದು ಯಕೋಬನ ಬಾವಿಯ ಬಳಿ ಕುಳಿತು ಆಕೆಯಿಂದ ನೀರು ಬೇಡಿದರು. ಜೀವಜಲವನ್ನು ಕೊಡಬಲ್ಲವರು ಮೊದಲು ಕೈಚಾಚಿದರು. ಸೆಮಿನರಿಯಲ್ಲಿ ನಾವು ಈ ಅಧ್ಯಾಯವನ್ನು ಟಿಪ್ಪಣಿಗಳೊಡನೆ ಓದಿದ್ದೆವು. ಅದರ ಅರ್ಥವಾದದ್ದು ಮಾತ್ರ, ತೆಂಗಿನ ಚಿಪ್ಪನ್ನು ಕೈಯಲ್ಲಿ ಹಿಡಿದು ಕಾದ ಬಂಡೆಯ ಮೇಲೆ ಕುಳಿತಾಗ. ಜಗದ್ಗುರು ಫ್ರಾನ್ಸಿಸರು 2015ರ ತಮ್ಮ ವಿಶ್ವಪತ್ರದಲ್ಲಿ ಶುದ್ಧವಾದ ಕುಡಿಯುವ ನೀರು ಮನುಷ್ಯನ ಮೂಲಭೂತ ಹಕ್ಕೆಂದು ಸಾರಿದರು. ಆ ಮುದುಕಿ ಅದನ್ನು ಓದದೆಯೇ ಆಚರಿಸಿದ್ದಳು.

ಊರಿಗೆ ಮರಳಿದ ಸಂಜೆಯೇ ಗೇಟಿನ ಬೀಗ ತೆಗೆಸಿದೆವು. ಮನೆಗೆ ಎರಡು ಕೊಡವೆಂದು ಗೊತ್ತುಮಾಡಿದೆವು, ಗುರುನಿವಾಸಕ್ಕೂ ಎರಡೇ. ಬಾವಿ ಬತ್ತಲಿಲ್ಲವೆಂದು ಹೇಳಿದರೆ ಕಥೆ ಚೆನ್ನಾಗಿರುತ್ತಿತ್ತು. ಆದರೆ ಮೂರು ವಾರಗಳಲ್ಲಿ ಅದೂ ಬತ್ತಿತು. ಅನಂತರ ನಾವೂ ಎಲ್ಲರೊಡನೆ ಟ್ಯಾಂಕರಿನ ಸಾಲಿನಲ್ಲಿ ನಿಂತೆವು. ಆ ಸಾಲಿನಲ್ಲಿ ನಿಂತ ದಿನಗಳಲ್ಲಿಯೇ ಊರಿನ ಜನ ನಮ್ಮನ್ನು ತಮ್ಮವರೆಂದು ಮಾತನಾಡಿಸತೊಡಗಿದರು.

ಪ್ರಿಯರೇ, ಶತಮಾನೋತ್ಸವದ ನೆನಪಿಗಾಗಿ ಮಹಾದ್ವಾರ ಕಟ್ಟಿಸಬೇಕೆಂಬ ಸಲಹೆ ಬಂದಿದೆ. ಅದು ಆಗಲಿ. ಆದರೆ ಅದಕ್ಕೆ ಮೊದಲು, ಈ ದೇವಾಲಯದ ವಿಶಾಲವಾದ ಮಾಡಿನ ಮೇಲೆ ಬೀಳುವ ಮಳೆಯ ನೀರನ್ನು ಹಿಡಿದಿಡುವ ಒಂದು ತೊಟ್ಟಿಯನ್ನೂ, ಕಾಂಪೌಂಡಿನ ಹೊರಮಗ್ಗುಲಲ್ಲಿ, ರಸ್ತೆಗೆ ಮುಖಮಾಡಿ, ಯಾರು ಬೇಕಾದರೂ ತಿರುಗಿಸಬಹುದಾದ ಶುದ್ಧೀಕರಿಸಿದ ಕುಡಿಯುವ ನೀರಿನ ಒಂದು ನಲ್ಲಿಯನ್ನೂ ಮಾಡೋಣವೆಂದು ನಿಮ್ಮನ್ನು ಕೈಮುಗಿದು ಕೇಳಿಕೊಳ್ಳುತ್ತೇವೆ. ಅದಕ್ಕೆ ದಾನಿಗಳ ಹೆಸರಿನ ಕಲ್ಲು ಬೇಡ. ದಾರಿಹೋಕರು ಮೊದಲು ಕುಡಿಯಲಿ, ನಮ್ಮದು ಆಮೇಲಾಗಲಿ.