ಹತ್ತಿರದ ಊರಿಗೊಂದು ಪ್ರವಾಸ

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬ ಮಾತನ್ನು ನಾವೆಲ್ಲ ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಸುತ್ತುವ ದೇಶ ದೂರದ್ದೇ ಆಗಿರಬೇಕೆಂದು ಆ ಮಾತು ಎಲ್ಲಿಯೂ ವಿಧಿಸಿಲ್ಲ. ಆದರೂ ರಜೆ ಬಂತೆಂದರೆ ನಮ್ಮ ಮನಸ್ಸು ಕಾಶ್ಮೀರ, ಸಿಮ್ಲಾಗಳ ಕಡೆಗೇ ಓಡುತ್ತದೆ. ದೂರದ ಪ್ರವಾಸವನ್ನು ನಾನು ಹಳಿಯುವವನಲ್ಲ. ಹಿಮಾಲಯವನ್ನು ನೋಡಬೇಕಾದರೆ ಹಿಮಾಲಯಕ್ಕೇ ಹೋಗಬೇಕು. ಆದರೆ ಅದು ಸಾಮಾನ್ಯ ಸಂಸಾರಿಗೆ ಬಾಳಿನಲ್ಲೊಮ್ಮೆ ಒದಗುವ ಭಾಗ್ಯ. ವರ್ಷ ವರ್ಷದ ಬಿಡುವಿಗೆ ಬೇರೊಂದು ದಾರಿ ಬೇಕು. ಹಿತ್ತಲ ಗಿಡ ಮದ್ದಲ್ಲವೆಂಬ ನಮ್ಮ ಹಳೆಯ ಅನಾದರವನ್ನು ತುಸು ಬದಿಗಿಟ್ಟರೆ ಆ ದಾರಿ ಕಾಣುತ್ತದೆ.

ನನಗೆ ಚೆನ್ನಾಗಿ ಪರಿಚಿತವಾದ ಗದಗಿನ ಸುತ್ತಣ ಸೀಮೆಯನ್ನೇ ತೆಗೆದುಕೊಳ್ಳೋಣ. ಗದಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸ ತನ್ನ ಭಾರತವನ್ನು ರಚಿಸಿದನೆಂದು ಪರಂಪರೆ ನಂಬಿದೆ. ಅಲ್ಲಿಂದ ಸುಮಾರು 12 ಕಿಲೋಮೀಟರ್ ದೂರದಲ್ಲಿ ಲಕ್ಕುಂಡಿ. ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ ಅಲ್ಲಿದೆ. ಅದರ ಶಾಸನದ ಕಾಲ ಕ್ರಿ.ಶ. 1007. ರನ್ನನಿಗೆ ಆಶ್ರಯವಿತ್ತು ‘ಅಜಿತಪುರಾಣ’ವನ್ನು ಬರೆಯಿಸಿದವಳೂ, ಪೊನ್ನನ ‘ಶಾಂತಿಪುರಾಣ’ದ 1000 ಪ್ರತಿಗಳನ್ನು ಮಾಡಿಸಿ ಹಂಚಿದವಳೂ ಆಕೆಯೇ.

ಈ ಸಂಗತಿಯನ್ನು ನಾನು ತರಗತಿಯಲ್ಲಿ ಪ್ರತಿವರ್ಷವೂ ಹೇಳಿದ್ದೇನೆ. ವಿದ್ಯಾರ್ಥಿಗಳು ಬರೆದುಕೊಂಡಿದ್ದಾರೆ, ಪರೀಕ್ಷೆಯಲ್ಲಿ ಒಪ್ಪಿಸಿದ್ದಾರೆ, ಮರೆತಿದ್ದಾರೆ. ನಿವೃತ್ತನಾದ ಮೇಲೆ ಮೊಮ್ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋದಾಗ, ಜಿನಾಲಯದ ಕಟ್ಟೆಯ ಮೇಲೆ ಕುಳಿತು ಇದನ್ನೇ ಹೇಳಿದೆ. ಆಕೆ ಕ್ಷಣಕಾಲ ಸುಮ್ಮನಿದ್ದು, “ಅಜ್ಜಾ, ಅಷ್ಟು ತಾಳೆಗರಿ ಎಲ್ಲಿಂದ ತಂದ್ರು?” ಎಂದು ಕೇಳಿದಳು. ನನ್ನ ಅಷ್ಟು ವರ್ಷಗಳ ಅಧ್ಯಾಪನದಲ್ಲಿ ಯಾರೂ ಕೇಳದಿದ್ದ ಪ್ರಶ್ನೆ ಅದು. ಗರಿ ತಂದವರು ಯಾರು, ಹದಮಾಡಿದವರು ಯಾರು, ಕಂಠ ಹಿಡಿದು ಕೊರೆದ ಲಿಪಿಕಾರರೆಷ್ಟು ಮಂದಿ ಎಂದು ನಾವಿಬ್ಬರೂ ಸಂಜೆಯವರೆಗೆ ಊಹಿಸುತ್ತ ಕುಳಿತೆವು. ಗ್ರಂಥದ ಮಾತು ಕಣ್ಣೆದುರಿನ ಕಲ್ಲನ್ನು ಮುಟ್ಟಿದಾಗ ಇಂಥ ಪ್ರಶ್ನೆಗಳು ತಾವಾಗಿ ಹುಟ್ಟುತ್ತವೆ.

ಹತ್ತಿರದ ಪ್ರವಾಸದ ಮೊದಲ ಲಾಭವೆಂದರೆ ಈ ನಿಧಾನ. ಲಕ್ಕುಂಡಿಯ ಕಾಶಿವಿಶ್ವನಾಥನ ಗುಡಿಯಲ್ಲಿ ಶಿವನಿಗೆದುರಾಗಿ ಸೂರ್ಯನಿಗೂ ಒಂದು ಗುಡಿಯಿದೆ. ಅದರ ಬಾಗಿಲವಾಡದ ಸೂಕ್ಷ್ಮ ಕೆತ್ತನೆ ಬೆಳಗಿನ ಓರೆ ಬಿಸಿಲಿನಲ್ಲಿ ಕಾಣುವಂತೆ ನಡುಹಗಲಿನಲ್ಲಿ ಕಾಣದು. ದೂರದಿಂದ ಬಂದವನು ತನ್ನ ಬಸ್ಸು ನಿಂತ ಗಳಿಗೆಯ ಬೆಳಕಿನಲ್ಲೇ ಅದನ್ನು ನೋಡಬೇಕು. ಹತ್ತಿರದವನು ಬೆಳಕಿಗಾಗಿ ಕಾಯಬಲ್ಲ. ಡಂಬಳದ ದೊಡ್ಡಬಸಪ್ಪನ ಗುಡಿಯ ನಕ್ಷತ್ರಾಕಾರದ ಗೋಡೆಗಳನ್ನು ಇಂದು ನೋಡಿ, ಇಟಗಿಯ ಮಹಾದೇವ ದೇವಾಲಯವನ್ನು ಮುಂದಿನ ರಜೆಗೆ ಉಳಿಸಿಕೊಳ್ಳಬಲ್ಲ. 1112ರಲ್ಲಿ ಕಟ್ಟಿದ ಆ ಗುಡಿಯನ್ನು ಅಲ್ಲಿಯ ಶಾಸನ ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಅಂಥದನ್ನು ಅವಸರದಲ್ಲಿ ನೋಡುವುದು ತರವಲ್ಲ. ಮೊಣಕಾಲು ನೋವಿನ ನನ್ನ ಶ್ರೀಮತಿಗೂ ಈ ನಿಧಾನವೇ ಅನುಕೂಲ. ದಣಿದಲ್ಲಿ ಕೂರಬಹುದು, ಮರುದಿನ ಮತ್ತೆ ಬರಬಹುದು. ಪ್ರವಾಸಕ್ಕಾಗಿ ಸಾಲ ಮಾಡುವ ಪ್ರಮೇಯವೂ ಇಲ್ಲ.

ಆದರೆ ಒಂದು ನಿಯಮವುಂಟು. ಬಿಡುವು ಎಂಬ ಮಾತಿನಲ್ಲಿಯೇ ಬಿಡುವುದು ಅಡಗಿದೆ. ಊರು ಹತ್ತಿರವೆಂದು ಸಂಜೆಗೇ ಮನೆಗೆ ಮರಳಿದರೆ ಮನೆಯ ಚಿಂತೆಗಳೂ ನಮ್ಮೊಡನೆ ಹೋಗಿ ನಮ್ಮೊಡನೆಯೇ ಮರಳುತ್ತವೆ. ಹಾಲಿನವನಿಗೆ ಹೇಳಿ, ಮನೆಗೆ ಬೀಗ ಹಾಕಿ, ಎರಡು ರಾತ್ರಿಯಾದರೂ ಹೊರಗೆ ಉಳಿಯಬೇಕು. ಮನೆಯ ಹೆಣ್ಣುಮಕ್ಕಳಿಗೆ ಒಲೆಯಿಂದ ಬಿಡುಗಡೆ ಸಿಕ್ಕದ ರಜೆ ಗಂಡಸರ ರಜೆಯಷ್ಟೇ ಆದೀತು.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ದೂರದ ಯಾತ್ರಿಕ ಸ್ಮಾರಕವನ್ನು ಮೆಚ್ಚಿ ಹೋಗುತ್ತಾನೆ. ಅದು ಬಿರುಕು ಬಿಟ್ಟರೆ, ಅದರ ಕಲ್ಲು ಯಾರದೋ ಮನೆಯ ಮೆಟ್ಟಿಲಾದರೆ, ಅವನಿಗೆ ತಿಳಿಯದು. ತಿಳಿಯಬೇಕಾದವರು ನೆರೆಯವರು. ಕಳೆದ ವರ್ಷ ಇದ್ದ ಶಾಸನ ಈ ವರ್ಷ ಎಲ್ಲಿ ಹೋಯಿತೆಂದು ಕೇಳಬಲ್ಲವನು ಕಳೆದ ವರ್ಷವೂ ಬಂದಿದ್ದವನು ಮಾತ್ರ. ಹಾಗೆ ಕೇಳುವವರು ನಾಲ್ಕು ಮಂದಿ ಇರುವ ಊರಿನಲ್ಲಿ ಕಲ್ಲುಗಳು ಇನ್ನೂ ಕೆಲವು ಕಾಲ ನಿಂತಾವು.