ಅಪಘಾತ, ಪರಿಹಾರ ಮತ್ತು ನಿಮ್ಮ ವಕೀಲರು



ಹುಬ್ಬಳ್ಳಿಯಲ್ಲಿ ಮನೆ, ಧಾರವಾಡದಲ್ಲಿ ಕಾಲೇಜು. ಇಲ್ಲವೆ ಧಾರವಾಡದಲ್ಲಿ ಮನೆ, ಹುಬ್ಬಳ್ಳಿಯಲ್ಲಿ ಕಾಲೇಜು. ನಿಮ್ಮಲ್ಲಿ ಅನೇಕರ ದಿನಚರಿ ಹೀಗೆಯೇ. ಓದಿನಷ್ಟೇ ರಸ್ತೆಯೂ ನಿಮ್ಮ ಬದುಕಿನ ಭಾಗ. ಈ ಅವಳಿ ನಗರದ ಬೈಪಾಸ್ ರಸ್ತೆಯಲ್ಲಿ, ಇಟಿಗಟ್ಟಿಯ ಬಳಿ, 2021ರ ಜನವರಿ 15ರಂದು ನಡೆದ ಅಪಘಾತ ನೆನಪಿರಬಹುದು. ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ವಾಹನ ಅಲ್ಲಿ ಅಪಘಾತಕ್ಕೀಡಾಗಿ ಹತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಇಂಥ ದುರಂತ ನಡೆದ ಮರುದಿನ ಮನೆಯವರ ಮುಂದೆ ನಿಲ್ಲುವ ಪ್ರಶ್ನೆಗಳಿಗೆ ಕಾನೂನು ಏನು ಉತ್ತರ ಕೊಡುತ್ತದೆ? ಇದೇ ಇಂದಿನ ಮಾತಿನ ವಿಷಯ.

ಒಂದು ಅಪಘಾತದಿಂದ ಎರಡು ಮೊಕದ್ದಮೆಗಳು ಹುಟ್ಟುತ್ತವೆ. ಚಾಲಕನಿಗೆ ಶಿಕ್ಷೆ ಕೇಳುವ ಕ್ರಿಮಿನಲ್ ಮೊಕದ್ದಮೆಯನ್ನು ಸರ್ಕಾರ ನಡೆಸುತ್ತದೆ. ಪರಿಹಾರ ಕೇಳುವ ಅರ್ಜಿಯನ್ನು ಗಾಯಗೊಂಡವರು ಅಥವಾ ಮೃತರ ಮನೆಯವರು 1988ರ ಮೋಟಾರು ವಾಹನಗಳ ಕಾಯಿದೆಯ 166ನೆಯ ಕಲಮಿನಡಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಸಲ್ಲಿಸಬೇಕು. ಚಾಲಕ ಕ್ರಿಮಿನಲ್ ಕೋರ್ಟಿನಲ್ಲಿ ಖುಲಾಸೆಯಾದ ಮಾತ್ರಕ್ಕೆ ಪರಿಹಾರದ ಹಕ್ಕು ಹೋಗುವುದಿಲ್ಲ.

ಪರಿಹಾರವೆಂದರೆ ಗಾಯಕ್ಕೆ ಕಟ್ಟುವ ಬೆಲೆಯಲ್ಲ. ಆ ಗಾಯದಿಂದ ಬದುಕಿನಲ್ಲಿ ಆದ ನಷ್ಟವನ್ನು ತುಂಬಿಕೊಡುವ ಪ್ರಯತ್ನ. ಇದಕ್ಕೆ ಕರ್ನಾಟಕದ್ದೇ ಒಂದು ಉದಾಹರಣೆಯಿದೆ. ಅಪಘಾತದಲ್ಲಿ ಕಾಲು ಕಳೆದುಕೊಂಡ ತರಕಾರಿ ವ್ಯಾಪಾರಿಯೊಬ್ಬರ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕೂತು ಮಾರುವವನಿಗೆ ಕಾಲಿಲ್ಲದಿದ್ದರೂ ನಡೆದೀತು ಎಂಬ ವಾದವನ್ನು 2014ರಲ್ಲಿ ಆ ನ್ಯಾಯಾಲಯ ಒಪ್ಪಲಿಲ್ಲ. ಮಂಡಿಗೆ ಹೋಗಿ ತರಕಾರಿ ತರುವುದು, ಓಡಾಡುವುದು ಆ ವ್ಯಾಪಾರದ ಭಾಗವೇ ಎಂದು ಹೇಳಿ, ದುಡಿಮೆಯ ನಷ್ಟವನ್ನು ಶೇಕಡಾ 85 ಎಂದು ನಿರ್ಧರಿಸಿತು. ಬೀದಿ ವ್ಯಾಪಾರಿಯಿಂದ ಆದಾಯದ ದಾಖಲೆ ಕೇಳುವುದೂ ಸರಿಯಲ್ಲವೆಂದಿತು.

ಲೆಕ್ಕ ಹಾಕುವ ಕ್ರಮವೂ ಕಷ್ಟದ್ದಲ್ಲ. 22 ವರ್ಷದ ಯುವಕನೊಬ್ಬನ ತಿಂಗಳ ಗಳಿಕೆ 10,000 ರೂಪಾಯಿ, ದುಡಿಮೆಯ ನಷ್ಟ ಶೇಕಡಾ 40 ಎಂದಿಟ್ಟುಕೊಳ್ಳಿ. ವರ್ಷಕ್ಕೆ ನಷ್ಟ 48,000 ರೂಪಾಯಿ. 2009ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಕೋಷ್ಟಕದಲ್ಲಿ ಈ ವಯಸ್ಸಿಗೆ ಗುಣಕ 18. ಗುಣಿಸಿದರೆ 8,64,000 ರೂಪಾಯಿ. ಚಿಕಿತ್ಸೆಯ ಖರ್ಚು, ನೋವು, ಮುಂದೆ ಹೆಚ್ಚಬಹುದಾಗಿದ್ದ ಗಳಿಕೆ ಇವೆಲ್ಲ ಬೇರೆ ಸೇರುತ್ತವೆ.

ಆದರೆ ಈ ಲೆಕ್ಕವೆಲ್ಲ ನಿಲ್ಲುವುದು ಕಾಗದಪತ್ರಗಳ ಮೇಲೆ. ಪೊಲೀಸರ ಎಫ್‌ಐಆರ್, ಸ್ಥಳದ ಪಂಚನಾಮೆ, ಆಸ್ಪತ್ರೆಯ ಗಾಯದ ಪ್ರಮಾಣಪತ್ರ, ಔಷಧದ ಅಂಗಡಿಯ ಚೀಟಿ, ವಾಹನದ ವಿಮೆಯ ವಿವರ: ಒಂದನ್ನೂ ಎಸೆಯಬೇಡಿ. ಕಾಲವೂ ಮುಖ್ಯ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿ, ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂದಿದೆ. ಈ ಗಡುವು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಗೆ ಒಳಗಾಗಿದೆಯಾದರೂ ಅದನ್ನೇ ನೆಚ್ಚಿ ಕೂರುವುದು ಜಾಣತನವಲ್ಲ.

ಇನ್ನು ವಕೀಲರ ಮಾತು. ಅಪಘಾತ ಪುಣೆಯಲ್ಲಿ ಆಗಿದ್ದರೂ ನೀವು ಧಾರವಾಡದ ವಾಸಿಗಳಾಗಿದ್ದರೆ ಇಲ್ಲಿಯ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು. ಆದ್ದರಿಂದ ನಿಮ್ಮ ಊರಿನ ವಕೀಲರೇ ಸಾಕು. ನೀವು ಅವರನ್ನು ಮತ್ತೆ ಮತ್ತೆ ಕಾಣಬಹುದು. ನಿಮ್ಮ ವೈದ್ಯರನ್ನು ಸಾಕ್ಷಿಗೆ ಕರೆಸುವುದೂ ಅವರಿಗೆ ಸುಲಭ. ಮೇಲ್ಮನವಿಗೂ ಈಗ ಬೆಂಗಳೂರಿಗೆ ಹೋಗಬೇಕಿಲ್ಲ. 2008ರಲ್ಲಿ ಧಾರವಾಡದಲ್ಲಿ ಆರಂಭವಾದ ಹೈಕೋರ್ಟಿನ ಸಂಚಾರಿ ಪೀಠ 2013ರಲ್ಲಿ ಕಾಯಂ ಪೀಠವಾಯಿತು. ತೀರ್ಪಿನ ದಿನದಿಂದ 90 ದಿನಗಳೊಳಗೆ ಅಲ್ಲಿಗೆ ಹೋಗಬಹುದು.

ಅಮೆರಿಕದಲ್ಲಿ ಇಂಥ ಮೊಕದ್ದಮೆ ಗೆದ್ದರೆ ವಕೀಲರು ಪರಿಹಾರದಲ್ಲಿ ಪಾಲು ಪಡೆಯುವುದು ರೂಢಿ. ನಮ್ಮಲ್ಲಿ ಭಾರತೀಯ ವಕೀಲರ ಪರಿಷತ್ತಿನ ನಿಯಮ ಇದನ್ನು ನಿಷೇಧಿಸಿದೆ. ಬಂದ ಹಣದಲ್ಲಿ ಇಷ್ಟು ಪಾಲು ಎಂಬ ಕರಾರು ಕೂಡದು. ವಕೀಲರು ಜಾಹೀರಾತು ಕೊಡುವಂತೆಯೂ ಇಲ್ಲ. ಆದ್ದರಿಂದ ಆಸ್ಪತ್ರೆಯ ಮಂಚದ ಬಳಿಗೇ ಬಂದು "ಎಲ್ಲಾ ನಾವೇ ಮಾಡಿಸಿ ಕೊಡ್ತೀವಿ, ಸಹಿ ಹಾಕ್ರಿ" ಎನ್ನುವ ಮಧ್ಯವರ್ತಿಯನ್ನು ದೂರವಿಡಿ. ಖಾಲಿ ಕಾಗದಕ್ಕಾಗಲಿ, ಖಾಲಿ ಚೆಕ್ಕಿಗಾಗಲಿ ಸಹಿ ಹಾಕಬೇಡಿ. ಶುಲ್ಕ ಎಷ್ಟು ಎಂಬುದನ್ನು ಮೊದಲೇ ಕೇಳಿ, ಬರೆಸಿಕೊಳ್ಳಿ.

ಶುಲ್ಕ ಕೊಡುವ ಶಕ್ತಿಯಿಲ್ಲದಿದ್ದರೆ? 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆ ಇದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ತಮ್ಮ ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವು ಪಡೆಯಬಹುದು. ಉಳಿದವರಿಗೆ ಆದಾಯದ ಮಿತಿಯುಂಟು. ಅಂದರೆ ಈ ಪುಟ ಓದುತ್ತಿರುವ ಪ್ರತಿಯೊಬ್ಬ ವಿದ್ಯಾರ್ಥಿನಿಗೂ ಈ ಹಕ್ಕಿದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಟ್ಟರಾಯಿತು. 15100 ಸಂಖ್ಯೆಗೆ ಫೋನ್ ಮಾಡಿಯೂ ಕೇಳಬಹುದು.

ಕೊನೆಯದಾಗಿ ಒಂದು ಮಾತು. ಒಳ್ಳೆಯ ವಕೀಲರು "ಎಷ್ಟು ಹಣ ಬರುತ್ತದೆ" ಎಂಬ ಭರವಸೆಯಿಂದ ಮಾತು ಆರಂಭಿಸುವುದಿಲ್ಲ. "ಅಪಘಾತಕ್ಕೆ ಮೊದಲು ಏನೇನು ಮಾಡುತ್ತಿದ್ದಿರಿ, ಈಗ ಏನೇನು ಆಗುತ್ತಿಲ್ಲ" ಎಂದು ಕೇಳುತ್ತಾರೆ. ಆ ತರಕಾರಿ ವ್ಯಾಪಾರಿಗೆ ನ್ಯಾಯ ದೊರೆತದ್ದು ಅದೇ ಪ್ರಶ್ನೆಯಿಂದ. ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಯಾರಿಗಾದರೂ ಇಂಥ ಕಷ್ಟ ಬಂದಾಗ ಕಾಗದಗಳನ್ನು ಜೋಡಿಸಿಡುವ, ಈ ಪ್ರಶ್ನೆ ಕೇಳುವ ವಕೀಲರ ಬಳಿಗೆ ಅವರನ್ನು ಕರೆದೊಯ್ಯುವ ಕೆಲಸ ಓದುಬರಹ ಬಲ್ಲ ನಿಮ್ಮದಾಗಲಿ.